ಟೀಪಾಯಿಯ ಮೂರು ಕಾಲು

ನಮ್ಮಪ್ಪ ಬಿದ್ದದ್ದು 2022ರ ಏಪ್ರಿಲ್ ತಿಂಗಳಲ್ಲಿ, ಮಧ್ಯಾಹ್ನದ ಚಹಾ ಹೊತ್ತಿಗೆ. ಪಡಸಾಲಿಯಲ್ಲಿ ಅವರ ಮಂಚದ ಬಾಜೂಕ ಒಂದು ದುಂಡನೆಯ ಟೀಪಾಯಿ ಇತ್ತು. ನಡುವೆ ಒಂದೇ ಕಂಬ, ಕಂಬದ ಬುಡಕ್ಕೆ ಮೂರು ಬಾಗಿದ ಕಾಲು. ಅದರ ಮೇಲೆ ಕೈ ಊರಿ ಏಳಲಿಕ್ಕೆ ಹೋದರು. ಒಂದು ಕಾಲು ಕಿತ್ತು ಬಂತು, ಟೀಪಾಯಿ ಹೊರಳಿತು, ಅಪ್ಪ ಪರಸಿ ಕಲ್ಲಿನ ಮೇಲೆ ಬಿದ್ದರು. ಎಡಗಾಲಿನ ಟೊಂಕದ ಹತ್ತಿರದ ಎಲುಬು ಮುರಿಯಿತು. ಆಗ ಅವರಿಗೆ ಎಂಬತ್ತೆರಡು ವರ್ಷ.

ಕಲಬುರಗಿಗೆ ಒಯ್ದು ಆಪರೇಶನ್ ಮಾಡಿಸಿದೆವು. ಹನ್ನೊಂದು ದಿವಸ ದವಾಖಾನೆಯಲ್ಲಿ ಇದ್ದೆವು. ಖರ್ಚಿಗೆ ಜೋಡಿ ಎತ್ತಿನಲ್ಲಿ ಒಂದನ್ನು ಮಾರಿದೆ. ಒಂಟಿ ಎತ್ತು ಕಟ್ಟಿಕೊಂಡ ರೈತನ ಪಾಡು ಏನಂತ ನಿಮಗೆ ಗೊತ್ತೇ ಇದೆ. ಆ ವರ್ಷ ಬಿತ್ತಿಗೆಗೆ ನಮ್ಮ ಎತ್ತಿಗೆ ಬಾಜೂ ಹೊಲದವರ ಎತ್ತು ಜೋಡು ಮಾಡಿ, ಮೊದಲು ಅವರ ಹೊಲ, ಆಮೇಲೆ ನಮ್ಮ ಹೊಲ. ಹದ ಆರಿದ ಮೇಲೆ ನಮ್ಮ ಪಾಳಿ ಬಂತು.

ಇಷ್ಟೆಲ್ಲ ಒಂದು ಟೀಪಾಯಿಯ ಕಾಲಿನಿಂದ. ಆ ಟೀಪಾಯಿ ತಂದವನು ನಾನೇ. 2019ರಲ್ಲಿ ಕಲಬುರಗಿ ಗಂಜಿಗೆ ತೊಗರಿ ಒಯ್ದಿದ್ದೆ. ಕೈಯಾಗ ರೊಕ್ಕ ಇತ್ತು. ಬಸ್‌ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಒಂದು ದುಕಾನದ ಮುಂದೆ ಇದು ನಿಂತಿತ್ತು. ಪಾಲಿಶ್ ಹೊಳೀತಿತ್ತು. 1,400 ರೂಪಾಯಿ ಕೊಟ್ಟು, ಹುಮನಾಬಾದ ಕಡೆಯ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕಮಲಾಪುರದ ತನಕ ತಂದೆ. ಅಪ್ಪಗ ರೇಡಿಯೋ, ಗುಳಿಗೆ ಡಬ್ಬಿ, ಚಹಾದ ಬಸಿ ಇಡಲಿಕ್ಕೆ ಆಯಿತು. ಪಾಲಿಶ್ ನೋಡಿದ್ದೆನೇ ಹೊರತು ಬೋರಲು ಹಾಕಿ ಕಾಲು ಹೆಂಗ ಕೂಡಿಸ್ಯಾರ ಅಂತ ನೋಡಿರಲಿಲ್ಲ. ಕೂರಿಗೆ ತರುವಾಗ ತಾಳು ಅಲ್ಲಾಡಿಸಿ ನೋಡದೆ ತರುತ್ತೇವೆಯೇ? ಇಲ್ಲ. ಟೀಪಾಯಿ ಅಂತ ಸದರ ಮಾಡಿದೆ.

ದವಾಖಾನೆಯಿಂದ ಬಂದ ಮೇಲೆ ನನ್ನ ಹೆಂಡತಿ ಅದನ್ನು ಒಲಿಗೆ ಹಾಕಿಬಿಡ್ರಿ ಅಂದಳು. ನಾನು ಹಾಕಲಿಲ್ಲ. ಕಟ್ಟೆಯ ಮೇಲೆ ಇಟ್ಟುಕೊಂಡು ಬಿಚ್ಚಿ ನೋಡಿದೆ. ಕಂಬದ ಬುಡಕ್ಕೆ ಕಾಲಿನ ತುದಿಯನ್ನು ಸಪಾಟು ಮಾಡಿ ಆನಿಸಿ, ಬಿಳಿ ಗೋಂದು ಹಚ್ಚಿ, ಓರೆಯಾಗಿ ಎರಡೆರಡು ಮೊಳೆ ಹೊಡೆದಿದ್ದರು. ಅಷ್ಟೇ. ತೂತಿಲ್ಲ, ನಾಲಿಗೆ ಇಲ್ಲ, ಬೆಣೆ ಇಲ್ಲ. ಕಿತ್ತು ಬಂದ ಕಾಲಿನಲ್ಲಿ ಮೊಳೆ ಹಂಗೇ ಇದ್ದವು, ಕಂಬದ ಮರದಿಂದ ಜಾರಿ ಹೊರಗೆ ಬಂದಿದ್ದವು. ಇನ್ನೊಂದು ಕಾಲು ನೋಡಿದರೆ ಬಾಗಿನ ಹತ್ತಿರ ಅಡ್ಡಲಾಗಿ ಸೀಳು ಬಿಟ್ಟಿತ್ತು. ನೇರ ಹಲಗೆಯಿಂದ ಬಾಗಿದ ಕಾಲು ಕೊಯ್ದರೆ ಬಾಗು ಇರುವ ಕಡೆ ಮರದ ಎಳೆ ಗಿಡ್ಡ ಆಗುತ್ತದೆ. ಕಬ್ಬನ್ನು ಉದ್ದಕ್ಕೆ ಸೀಳಬಹುದು, ಅಡ್ಡಲಾಗಿ ಸೀಳಲಿಕ್ಕೆ ಆಗುವುದಿಲ್ಲ. ಮರದ ಎಳೆಯೂ ಹಂಗೇ. ಎಳೆ ಕಾಲಿನ ಉದ್ದಕ್ಕೆ ಹರಿಯಬೇಕು. ಅಡ್ಡ ಬಂದಲ್ಲಿ ಭಾರ ಬಿದ್ದರೆ ಅಲ್ಲಿಯೇ ಸೀಳುತ್ತದೆ.

ಅಪ್ಪ ಮಂಚದ ಮೇಲಿಂದ ನೋಡುತ್ತ ಇದ್ದರು. “ಕೂರಿಗಿ ತಾಳು ಕೂಡಿಸಿದವನ ಮನ್ಯಾಗ ಟೀಪಾಯಿ ಕಾಲು ಕಿತ್ತು ಬಿತ್ತಲ್ಲೋ ತಮ್ಮಾ” ಅಂದರು. ಅಪ್ಪ ಬಡಿಗರಲ್ಲ. ಆದರೆ ನಮ್ಮ ಹೊಲದ ಕೂರಿಗೆ, ಕುಂಟಿ, ರಂಟಿ ಅವರೇ ರಿಪೇರಿ ಮಾಡಿಕೊಳ್ಳುತ್ತಿದ್ದರು. ಅವರು ನಗುತ್ತಲೇ ಅಂದಿದ್ದು. ನನಗ ಅದು ಚುಚ್ಚಿತು. ನಾನೇ ಒಂದು ಮಾಡತೀನಿ ಅಂತ ನಿಶ್ಚಯ ಮಾಡಿದೆ.

ಮೊದಲ ಸಲ ಮಾಡಿದ್ದು ಕೆಟ್ಟಿತು. ಅದನ್ನೂ ಬರೀತೀನಿ, ಯಾಕಂದ್ರ ಕಲಿತದ್ದು ಅದರಿಂದಲೇ.

ಕಂಬಕ್ಕೆ ನಮ್ಮ ಹಳೇ ಮಾಳಿಗೆ ಮನೆ ಕೆಡವಿದಾಗ ಉಳಿದ ಸಾಗವಾನಿ ಜಂತಿಯ ತುಂಡು ತೆಗೆದುಕೊಂಡೆ. ಅದು ನಮ್ಮಜ್ಜನ ಕಾಲದ್ದು, ಅಂದರೆ ಈ ಭಾಗ ನಿಜಾಮನ ಕೈಯಲ್ಲಿದ್ದಾಗಿನದು. ಎಲುಬಿನಂಗ ಒಣಗಿತ್ತು. ಕಾಲಿಗೆ ಗಾಳಿಗೆ ಬಿದ್ದ ಬೇವಿನ ಟೊಂಗೆ. ಟೊಂಗೆ ಬಿದ್ದು ಒಂದು ತಿಂಗಳಷ್ಟೇ ಆಗಿತ್ತು. ಮೇಲೆ ಒಣಗಿದಂಗ ಕಾಣತಿತ್ತು, ಒಳಗೆ ಹಸಿ ಇತ್ತು. ಬಂಡಿಯ ಗಾಲಿಯಲ್ಲಿ ನಡುವಿನ ಗುಂಡಿಗೆ ಅರ ಕೂಡಿಸುವುದನ್ನು ಸಣ್ಣವನಿದ್ದಾಗಿನಿಂದ ನೋಡಿದ್ದೆ. ಅದೇ ಪ್ರಕಾರ ಕಂಬದ ಬುಡಕ್ಕೆ ಬೈರಿಗೆಯಿಂದ ಒಂದು ಇಂಚಿನ ಮೂರು ತೂತು ಹಾಕಿ, ಕಾಲಿನ ತುದಿಯನ್ನು ದುಂಡಗೆ ಕೆತ್ತಿ, ಗೋಂದು ಹಚ್ಚಿ ಬಡಿದು ಕೂಡಿಸಿದೆ. ಗಟ್ಟಿ ನಿಂತಿತು. ಅವತ್ತು ಅದರ ಮೇಲೆ ನಾನೇ ಕೂತು ತೋರಿಸಿದೆ.

ಆ ವರ್ಷದ ಕಡೆಗೆ ನಮ್ಮ ಜಿಲ್ಲೆಯಲ್ಲಿ ತೊಗರಿಗೆ ನೆಟೆ ರೋಗ ಬಂದು ನಿಂತ ಬೆಳೆ ನಿಂತಲ್ಲೇ ಒಣಗಿದ್ದು ನಿಮಗೆ ನೆನಪಿರಬೇಕು. ನನ್ನ ಹೊಲದಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಗಿಡ ಹೋಯಿತು. ಕಟಗಿ ಮನೆಗೆ ಬಂತು, ಕಾಳು ಬರಲಿಲ್ಲ. ಎರಡನೇ ಎತ್ತು ಕೊಳ್ಳುವ ಮಾತು ಅಲ್ಲಿಗೇ ನಿಂತಿತು. ಹೊಸ ಟೀಪಾಯಿ ಕೊಳ್ಳುವ ಮಾತು ಯಾರೂ ತೆಗೆಯಲಿಲ್ಲ. 2023ರ ಯುಗಾದಿ ಹೊತ್ತಿಗೆ ನಾನು ಮಾಡಿದ ಟೀಪಾಯಿಯ ಕಾಲು ಕೈಯಿಂದ ತಿರುವಿದರೆ ತಿರುಗುತ್ತಿದ್ದವು.

ಅಪ್ಪ ಅಷ್ಟೊತ್ತಿಗೆ ವಾಕರ್ ಹಿಡಿದು ಅಂಗಳದ ತನಕ ನಡೀತಿದ್ದರು. ಅವರಿಗೆ ಕಾಣದಂಗ ಟೀಪಾಯಿಯನ್ನು ಎತ್ತಿಕೊಂಡು ನಮ್ಮೂರ ಹಿರೇ ಬಡಿಗರ ಮನೆಗೆ ಹೋದೆ. ಅವರಿಗೆ ಎಪ್ಪತ್ತು ದಾಟಿದೆ. ಒಂದು ಕಾಲಕ್ಕೆ ಸುತ್ತಿನ ಊರುಗಳಿಗೆ ಬಂಡಿ, ಕೂರಿಗೆ ಮಾಡಿಕೊಟ್ಟವರು. ರಾಶಿಯಾದ ಮೇಲೆ ಮನೆ ಮನೆಯಿಂದ ಅವರಿಗೆ ಆಯ ಹೋಗುತ್ತಿತ್ತು. ಈಗ ಟ್ರ್ಯಾಕ್ಟರಿನ ಕೂರಿಗೆ ಬಂದಿದೆ, ಅದನ್ನು ವೆಲ್ಡಿಂಗ್‌ನವರು ಮಾಡುತ್ತಾರೆ. ಅವರ ಮಗ ಕಲಬುರಗಿಯಲ್ಲಿ ಪ್ಲೈವುಡ್ ಕೆಲಸಕ್ಕೆ ಹೋಗುತ್ತಾನೆ. ಕಣ್ಣು ಮಂಜಾಗಿ ಇವರು ಕೆಲಸ ಬಿಟ್ಟಿದ್ದರು.

ಟೀಪಾಯಿ ಬೋರಲು ಹಾಕಿ ಒಂದು ಕಾಲು ಕಿತ್ತು ಕೊಟ್ಟೆ. ಕಣ್ಣಿನಿಂದ ನೋಡಲಿಲ್ಲ, ಬೆರಳಾಡಿಸಿದರು.

“ದುಂಡಗ ಕೆತ್ತಿದ್ದೇನು?”

“ಹೌದ್ರಿ ಕಾಕಾ, ತೂತಿಗಿ ಸರಿಯಾಗಿ ದುಂಡಗೇ ಕೆತ್ತೀನಿ.”

“ಈಗ ದುಂಡಗದಾ ನೋಡು.”

ನೋಡಿದೆ. ತೂತು ದುಂಡಗೇ ಇತ್ತು. ನಾಲಿಗೆ ಮಾತ್ರ ಒಂದು ಕಡೆ ಚಪ್ಪಟೆಯಾಗಿ ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಕುಗ್ಗುತ್ತದೆ. ಅಡ್ಡದಲ್ಲಿಯೂ ಎರಡು ಬಗೆ ಇದೆ. ವರ್ಷದ ಸುತ್ತು ಇರುತ್ತಾವಲ್ಲ, ಆ ಸುತ್ತಿನ ಜೊತೆಗೆ ಹೆಚ್ಚು ಕುಗ್ಗುತ್ತದೆ, ತಿರುಳಿನಿಂದ ತೊಗಟೆ ಕಡೆಗೆ ಅದರ ಅರ್ಧದಷ್ಟು. ಅದಕ್ಕೇ ದುಂಡಗಿದ್ದದ್ದು ಮೊಟ್ಟೆಯಾಯಿತು. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ನೀರಿನ ಪಸೆ ಇರುವುದಿಲ್ಲ. ಹಸಿ ಮರಕ್ಕೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಕಾಕಾ ಹೇಳಿದ ಎರಡನೇ ಮಾತು ನನಗ ಇನ್ನೂ ದೊಡ್ಡದಾಗಿ ಕಂಡಿತು. ನಾನು ಗಾಲಿಯ ಲೆಕ್ಕ ಹೇಳಿದೆ. ಗಾಲಿಯಲ್ಲಿ ಅರ ವರ್ಷಾನುಗಟ್ಟಲೆ ನಿಲ್ಲತಾವ, ಇದ್ಯಾಕ ನಿಲ್ಲಲಿಲ್ಲ ಅಂತ ಕೇಳಿದೆ.

“ಗಾಲಿಗಿ ಹಳಿ ಹಾಕೋದು ನೋಡಿಯಿಲ್ಲೇನು? ಕುಳ್ಳಿನ ಬೆಂಕ್ಯಾಗ ಹಳಿ ಕಾಸಿ, ಅದು ಹಿಗ್ಗಿದಾಗ ಹಾಕಿ, ನೀರು ಸುರೀತೀವಿ. ತಣ್ಣಗಾದ್ರ ಹಳಿ ಕುಗ್ಗಿ ಎಲ್ಲಾ ಅರ ಒಳಗ ಒತ್ತತದ. ಬಿಗಿ ಹಿಡಿಯೋದು ಹಳಿ. ನಿನ್ನ ಟೀಪಾಯಿಗಿ ಯಾವ ಹಳಿ ಅದ? ಭಾರ ಬಿದ್ದಷ್ಟೂ ಕಾಲು ಹೊರಗ ಹೋಗಲತ್ತಾವ.”

ಇದನ್ನು ಕೇಳಿ ನಾನು ಸುಮ್ಮನೆ ಕೂತೆ. ನಲವತ್ತು ವರ್ಷ ಬಂಡಿ ಹೊಡೆದೀನಿ, ಈ ವಿಚಾರ ತಲೆಗೆ ಬಂದಿರಲಿಲ್ಲ. ಕೂರಿಗೆಯದೂ ಬೇರೆ ಲೆಕ್ಕ. ಅಲ್ಲಿ ತಾಳು ದಿಂಡಿನ ಈ ಕಡೆಯಿಂದ ಆ ಕಡೆಗೆ ಪೂರಾ ಹಾಯುತ್ತದೆ, ಮೇಲಿಂದ ಬೆಣೆ ಬಡಿದರೆ ಆಯಿತು. ಟೀಪಾಯಿಯಲ್ಲಿ ಮೂರೂ ಕಾಲು ಕಂಬದ ನಡುವಿಗೇ ಬರುತ್ತಾವೆ. ಒಂದು ಪೂರಾ ಹಾಯ್ದರೆ ಉಳಿದ ಎರಡಕ್ಕೆ ಜಾಗ ಎಲ್ಲಿ? ನಾನು ಹಾಕಿದ ತೂತುಗಳು ಒಂದೂಕಾಲು ಇಂಚಿಗೇ ಒಂದಕ್ಕೊಂದು ತಾಕಿದ್ದವು.

ಕಾಲು ಯಾವ ಕಡೆ ಬಾಯಿ ಬಿಡುತ್ತದೆ ಅನ್ನುವುದನ್ನೂ ಕಾಕಾ ತೋರಿಸಿದರು. ಗೋಡೆಯ ಗೂಟಕ್ಕೆ ಜೋಳದ ಚೀಲ ತೂಗಿಹಾಕಿದರೆ ಗೂಟದ ಮೇಲುಗಡೆ ಬಿರುಕು ಬೀಳುತ್ತದೆ, ಯಾಕಂದ್ರ ಭಾರ ಕೆಳಗೆ ಜಗ್ಗುತ್ತದೆ. ಟೀಪಾಯಿಯ ಕಾಲು ಉಲ್ಟಾ. ಪಾದವನ್ನು ನೆಲ ಮೇಲಕ್ಕೆ ಒತ್ತುತ್ತದೆ. ಆದ್ದರಿಂದ ಕಾಲು ಕಂಬಕ್ಕೆ ಕೂಡಿದ ಜಾಗದಲ್ಲಿ ಮೇಲುಗಡೆ ಬಿಗಿಯಾಗುತ್ತದೆ, ಕೆಳಗಡೆ ಬಾಯಿ ಬಿಡುತ್ತದೆ. ಕಿತ್ತು ಬಂದ ದುಕಾನದ ಕಾಲಿನಲ್ಲಿಯೂ ಕೆಳಗಿನ ಮೊಳೆಯ ತೂತೇ ದೊಡ್ಡದಾಗಿತ್ತು. ನಾನು ಆಗ ಅದನ್ನು ನೋಡಿದ್ದೆ, ಅರ್ಥ ಆಗಿರಲಿಲ್ಲ.

ಇದಕ್ಕೆ ಹಳಬರು ಮಾಡಿಕೊಂಡು ಬಂದ ಉಪಾಯ ಒಂದಿದೆ. ಇಂಗ್ಲಿಷರ ಕಾಲದ ಒಂಟಿಗಂಬದ ಟೇಬಲುಗಳಲ್ಲಿಯೂ ಅದೇ ಇರುತ್ತದೆ. ಕಂಬದ ಬುಡದಲ್ಲಿ ಉದ್ದುದ್ದ ಗಾಡಿ ಕೊರೆಯುತ್ತಾರೆ. ಗಾಡಿಯ ಬಾಯಿ ಸಣ್ಣದು, ಒಳಗೆ ಅಗಲ. ಅಡ್ಡ ಕೊಯ್ದು ನೋಡಿದರೆ ಡಮರಿನ ಅರ್ಧ ಇದ್ದಂಗ ಕಾಣುತ್ತದೆ. ಕಾಲಿನ ತುದಿಯನ್ನೂ ಅದೇ ಆಕಾರಕ್ಕೆ ಕೆತ್ತಿ, ಕೆಳಗಿನಿಂದ ಮೇಲಕ್ಕೆ ಸರಿಸಿ ಕೂಡಿಸುತ್ತಾರೆ. ಪ್ಯಾಟಿ ಬಡಿಗರು ಇದಕ್ಕೆ ಡವ್‌ಟೇಲ್ ಅಂತಾರೆ. ಹೊರಗೆ ಜಗ್ಗಿದರೆ ಬಾಯಿ ಸಣ್ಣದಾದ್ದರಿಂದ ಬರಲಿಕ್ಕೆ ಸಾಧ್ಯವಿಲ್ಲ. ಗಾಡಿಯ ಮೇಲುತುದಿ ಮುಚ್ಚಿರಬೇಕು, ಕೆಳತುದಿ ತೆರೆದಿರಬೇಕು. ಆಗ ಮೇಲಿಂದ ಭಾರ ಬಿದ್ದಷ್ಟೂ ಕಂಬ ಕಾಲಿನ ಮೇಲೆ ಕೂಡುತ್ತದೆ. ಅದರ ಮೇಲೆ ಬುಡಕ್ಕೆ ಒಂದು ಮೂರು ಕವಲಿನ ಕಬ್ಬಿಣದ ಪಟ್ಟಿ ಬಡಿದರೆ ಕೆಳಗೆ ಬಾಯಿ ಬಿಡುವುದೂ ನಿಲ್ಲುತ್ತದೆ. ಅದೇ ಟೀಪಾಯಿಯ ಹಳಿ.

ಎರಡನೇ ಸಲ ಗಡಿಬಿಡಿ ಮಾಡಲಿಲ್ಲ. ಕಾಲಿಗೆ ಈ ಸಲ ಕರಿಜಾಲಿ ತೆಗೆದುಕೊಂಡೆ. ಬದುವಿನ ಗಿಡದಲ್ಲಿ ಹುಟ್ಟಾ ಬಾಗಿದ ಟೊಂಗೆ ಹುಡುಕಿದೆ. ರಂಟಿ ಮಾಡುವಾಗ ಹಿರಿಯರು ಹಂಗೇ ಹುಡುಕುತ್ತಿದ್ದರು. ಹುಟ್ಟಾ ಬಾಗಿದ ಟೊಂಗೆಯಲ್ಲಿ ಎಳೆಯೂ ಬಾಗಿನ ಜೊತೆಗೇ ಬಾಗಿರುತ್ತದೆ, ಎಲ್ಲಿಯೂ ಗಿಡ್ಡ ಆಗುವುದಿಲ್ಲ. ಒಂದೇ ಅಳತೆಯ ಮೂರು ಬಾಗು ಸಿಗಲಿಕ್ಕೆ ನಾಲ್ಕು ಹೊಲ ತಿರುಗಿದೆ. ದುಕಾನದ ಕಾಲಿನಂಗ ಚೆಂದ ಇಲ್ಲ, ಒಂದು ಸ್ವಲ್ಪ ಹೆಚ್ಚು ಬಾಗಿದೆ. ಇರಲಿ.

ಕಡಿದ ತುಂಡುಗಳನ್ನು ಹಗ್ಗ ಕಟ್ಟಿ ಬಾವಿಯಲ್ಲಿ ಒಂದೂವರೆ ತಿಂಗಳು ಮುಳುಗಿಸಿ ಇಟ್ಟೆ. ಹಂಗ ಮಾಡಿದರೆ ಮರದೊಳಗಿನ ಸಿಹಿ ರಸ ನೀರಿಗೆ ಇಳಿದುಹೋಗುತ್ತದೆ, ಹುಳ ಹತ್ತುವುದು ಕಡಿಮೆ. ಆಮೇಲೆ ತೆಗೆದು ನೆರಳಲ್ಲಿ, ಗಾಳಿ ಆಡುವ ಕಡೆ, ಕಲ್ಲಿನ ಮೇಲೆ ಇಟ್ಟೆ. ಕಡಿದ ತುದಿಗಳಿಗೆ ಸಗಣಿ ಮೆತ್ತಿದೆ, ತುದಿ ಬೇಗ ಒಣಗಿ ಸೀಳಬಾರದು ಅಂತ. ಬಿಸಿಲಲ್ಲಿ ಇಡಬಾರದು. ಬ್ಯಾಸಿಗಿ ಕಳೀತು, ಮಳಿ ಬಂತು, ಮಳಿ ಹೋಯಿತು. ದಸರೆ ಹೊತ್ತಿಗೆ ಒಂದು ತುಂಡಿನ ತುದಿ ಕೊಯ್ದು ಕೆನ್ನೆಗೆ ಹಚ್ಚಿ ನೋಡಿದೆ, ತಂಪು ಹತ್ತಲಿಲ್ಲ. ಇನ್ನೂ ಎರಡು ತಿಂಗಳು ಬಿಟ್ಟೆ. ಹಿಂಗಾರಿ ಜೋಳದ ಎಡೆ ಹೊಡೆಯುವುದು ಮುಗಿದು, ಎಳ್ಳ ಅಮಾಸಿಯ ಚರಗ ಚೆಲ್ಲಿ ಬಂದ ಮೇಲೆ ಕೆಲಸಕ್ಕೆ ಕೂತೆ. ಒಣಬೇಸಾಯದವರಿಗೆ ಕೈ ಬಿಡುವಾಗುವುದು ಆ ದಿನಗಳಲ್ಲಿಯೇ.

ಕಂಬದ ಬುಡ ಮೂರೂವರೆ ಇಂಚು ದಪ್ಪ ಬಿಟ್ಟೆ. ಇದಕ್ಕಿಂತ ಸಣ್ಣದಾದರೆ ಮೂರು ಗಾಡಿ ಕೊರೆದ ಮೇಲೆ ನಡುವೆ ಮರ ಉಳಿಯುವುದಿಲ್ಲ. ಮೂರು ಕಾಲಿಗೆ ಗುರುತು ಹಾಕುವ ರೀತಿ ಏಳನೆತ್ತೆಯಲ್ಲಿ ಮಾಸ್ತರರು ಹೇಳಿಕೊಟ್ಟದ್ದು, ನನಗ ಉಪಯೋಗ ಬಿದ್ದದ್ದು ಈಗ. ಬುಡದ ನಡುವಿನಿಂದ ಕೈವಾರದಲ್ಲಿ ಒಂದು ವರ್ತುಲ ಹಾಕಬೇಕು. ಕೈವಾರವನ್ನು ಹಂಗೇ ಹಿಡಿದು, ವರ್ತುಲದ ಮೇಲೆ ಒಂದು ಕಡೆಯಿಂದ ಹೆಜ್ಜೆ ಹಾಕುತ್ತ ಹೋದರೆ ಸರಿಯಾಗಿ ಆರು ಹೆಜ್ಜೆಗೆ ಮೊದಲಿನ ಜಾಗಕ್ಕೆ ಬರುತ್ತದೆ. ಒಂದು ಬಿಟ್ಟು ಒಂದು ಗುರುತು ಹಿಡಿದರೆ ಮೂರು ಕಾಲಿನ ಜಾಗ. ಕೈವಾರ ಇಲ್ಲದವರು ಮೊಳೆಗೆ ದಾರ ಕಟ್ಟಿಕೊಂಡು ಮಾಡಬಹುದು.

ಕಾಲು ಆನುವ ಮೂರು ಕಡೆ ಕಂಬದ ದುಂಡು ತೆಗೆದು ಸಪಾಟು ಮಾಡಿದೆ. ಕಾಲಿನ ದಪ್ಪ ಒಂದೂಕಾಲು ಇಂಚು. ಗಾಡಿ ಮೂರು ಇಂಚು ಉದ್ದ, ಮುಕ್ಕಾಲು ಇಂಚು ಆಳ. ಬಾಯಲ್ಲಿ ಅರ್ಧ ಇಂಚು, ತಳದಲ್ಲಿ ಮುಕ್ಕಾಲು ಇಂಚು ಅಗಲ. ಮೊದಲು ಬೈರಿಗೆಯಿಂದ ಸಾಲಾಗಿ ತೂತು ಹಾಕಿ ನಡುವಿನ ಮರ ತೆಗೆದು, ಆಮೇಲೆ ಸಣ್ಣ ಉಳಿಯಿಂದ ಎರಡೂ ಮಗ್ಗುಲು ಓರೆ ಮಾಡಿದೆ. ಎಣ್ಣೆ ಡಬ್ಬಿಯ ತಗಡಿನಲ್ಲಿ ಅರ್ಧ ಡಮರಿನ ಆಕಾರ ಕತ್ತರಿಸಿ ಇಟ್ಟುಕೊಂಡು, ಅದನ್ನು ಗಾಡಿಯಲ್ಲಿ ಸರಿಸಿ ಸರಿಸಿ ನೋಡುತ್ತ ಹೋದೆ. ಕಾಕಾ ಒಂದು ಗುಟ್ಟು ಹೇಳಿದ್ದರು. ಗಾಡಿ ಕೆಳಗೆ ಕೂದಲೆಳೆಯಷ್ಟು ಅಗಲ ಇದ್ದು ಮೇಲೆ ಹೋದಂತೆ ಸಣ್ಣ ಆಗಬೇಕು, ಕಾಲಿನ ನಾಲಿಗೆಯೂ ಹಂಗೇ. ಆಗ ಕಡೆಯ ಅರ್ಧ ಇಂಚು ಬಡಿಯುವಾಗ ತಾನೇ ಬೆಣೆಯಂಗ ಬಿಗಿ ಹಿಡಿಯುತ್ತದೆ. ಪೂರಾ ಉದ್ದಕ್ಕೂ ಬಿಗಿ ಮಾಡಿ ಬಡಿದರೆ ಕಂಬ ಎಳೆ ಹಿಡಿದು ಸೀಳುತ್ತದೆ.

ನಾಲಿಗೆಯನ್ನು ಒಂದೇ ಸಲಕ್ಕೆ ಕೂಡಿಸಲಿಕ್ಕೆ ಹೋಗಬಾರದು. ದೀಪದ ಮಸಿಯನ್ನು ನಾಲಿಗೆಗೆ ತೆಳ್ಳಗೆ ಸವರಿ ಗಾಡಿಯೊಳಗೆ ಸರಿಸಿ ತೆಗೆದರೆ ಎಲ್ಲಿ ತಿಕ್ಕುತ್ತದೋ ಅಲ್ಲಿ ಗಾಡಿಯಲ್ಲಿ ಕರೇ ಗುರುತು ಬೀಳುತ್ತದೆ. ಅಷ್ಟನ್ನೇ ಕೆತ್ತಬೇಕು. ಮೊದಲನೇ ಕಾಲಿಗೆ ಒಂದೂವರೆ ದಿವಸ ಹಿಡಿಯಿತು. ಎರಡನೆಯದಕ್ಕೆ ಒಂದು ದಿವಸ. ಮೂರನೆಯದು ಅರ್ಧ ದಿವಸದಲ್ಲಿ ಆಯಿತು, ಆದದ್ದರಿಂದಲೇ ಕೆಟ್ಟಿತು. ಕೈ ಕುದುರಿತು ಅಂತ ಉಳಿ ಜೋರಾಗಿ ಓಡಿಸಿದೆ, ಗಾಡಿ ಸಡಿಲಾಯಿತು. ಬೇವಿನ ತೆಳುವಾದ ಚಕ್ಕೆ ಗೋಂದು ಹಚ್ಚಿ ಮಗ್ಗುಲಿಗೆ ಕೊಟ್ಟು ಬಿಗಿ ಮಾಡಿದೆ. ಕಾಕಾ ಬೆರಳಾಡಿಸಿ, “ಇದೊಂದು ಕಾಲು ಯಾರು ಮಾಡ್ಯಾರ?” ಅಂದರು.

ಗೋಂದು ಹಚ್ಚುವ ಮೊದಲು ಮೂರೂ ಕಾಲು ಹಂಗೇ ಕೂಡಿಸಿ, ಕಂಬ ಹಿಡಿದು ಎತ್ತಿ ಝಾಡಿಸಿ ನೋಡಿದೆವು. ಒಂದೂ ಬೀಳಲಿಲ್ಲ. ಆಮೇಲೆ ಗೋಂದು ಹಚ್ಚಿ ಕೊಡತಿಯಿಂದ ಬಡಿದು ಕೂಡಿಸಿದೆ. ಕಬ್ಬಿಣದ ಪಟ್ಟಿಗೆ ಕುಂಟಿಯ ತೇದ ಕುಡವನ್ನು ಕಮ್ಮಾರರ ಹತ್ತಿರ ಬಡಿಸಿ ಮೂರು ಕವಲು ಮಾಡಿಸಿದೆ. ಪ್ರತಿ ಕಾಲಿಗೂ ಎರಡು ಸ್ಕ್ರೂ. ಕಂಬದ ಕಡಿದ ಮುಖಕ್ಕೆ ಸ್ಕ್ರೂ ಸರಿಯಾಗಿ ಹಿಡಿಯುವುದಿಲ್ಲ, ಅಲ್ಲಿ ಒಂದೇ ಸಾಕು. ಮೇಲಿನ ಹಲಗೆ ಕೂಡಿಸುವುದು ಸಾದಾ ಕೆಲಸ. ಹಲಗೆಯ ಎಳೆಗೆ ಅಡ್ಡಲಾಗಿ ಒಂದು ಪಟ್ಟಿ ಕೊಟ್ಟು, ಪಟ್ಟಿಯ ಕೊನೆಯ ತೂತುಗಳನ್ನು ಸ್ವಲ್ಪ ಉದ್ದ ಮಾಡಿದರೆ ಹಲಗೆ ಹಿಗ್ಗಿ ಕುಗ್ಗಲಿಕ್ಕೆ ಜಾಗ ಸಿಗುತ್ತದೆ.

ರೊಕ್ಕದ ಖರ್ಚು ಸ್ಕ್ರೂ, ಗೋಂದು, ಕಮ್ಮಾರರ ಕೂಲಿ ಸೇರಿ ಇನ್ನೂರರ ಒಳಗೆ. ಬಡಿಗರ ಕಾಕಾ ರೊಕ್ಕ ಮುಟ್ಟಲಿಲ್ಲ. ರಾಶಿಯಾದ ಮೇಲೆ ಐದು ಸೇರು ಬಿಳಿಜೋಳ ಒಯ್ದು ಕೊಟ್ಟೆ. “ಆಯ ಬಂದು ಎಷ್ಟು ವರ್ಷ ಆತೋ” ಅಂತ ಅವರ ಮನೆಯವರು ಮರದ ತುಂಬ ಹಿಡಿದುಕೊಂಡರು.

ಇಷ್ಟಾದರೂ ಒಂದು ವಿಷಯ ಉಳಿದಿತ್ತು. ಕಾಲು ಗಟ್ಟಿಯಾದರೆ ಅಪ್ಪ ಬೀಳುತ್ತಿರಲಿಲ್ಲವೇ? ಈ ಪ್ರಶ್ನೆ ನನಗ ಬಹಳ ದಿವಸ ಕಾಡಿತು. ಮೂರು ಕಾಲಿನ ಗುಣ ಅಂದರೆ ಎಂಥಾ ತಗ್ಗು ದಿನ್ನೆಯ ಪರಸಿ ಮೇಲೂ ಅಲ್ಲಾಡದೆ ಕೂಡುತ್ತದೆ. ನಾಲ್ಕು ಕಾಲಿನದಕ್ಕೆ ಒಂದು ಕಾಲಿನ ಕೆಳಗೆ ಚಿಪ್ಪು ಕೊಡಬೇಕಾಗುತ್ತದೆ. ನಮ್ಮ ಒಲಿಯ ಗುಂಡೂ ಮೂರೇ ಅಲ್ಲವೇ. ಟೀಪಾಯಿ ಅನ್ನುವ ಹೆಸರೂ ಅದರಿಂದಲೇ ಬಂದದ್ದು. ಚಹಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಿಂದಿಯಲ್ಲಿ ತಿಪಾಯಿ ಅಂದರೆ ಮೂರು ಕಾಲಿನದು, ಇಂಗ್ಲಿಷರು ಅದನ್ನು ಟೀಪಾಯ್ ಮಾಡಿದರು, ನಾವು ಅವರಿಂದ ವಾಪಸ್ ತೆಗೆದುಕೊಂಡೆವು.

ಆದರೆ ಅದರ ದೋಷವೂ ಅಲ್ಲಿಯೇ ಇದೆ. ನಾನು ಪಡಸಾಲಿಯ ನೆಲದ ಮೇಲೆ ಸುಣ್ಣದಲ್ಲಿ ಗೀರಿ ನೋಡಿದೆ. ದುಕಾನದ ಟೀಪಾಯಿಯ ಮೇಲಿನ ಹಲಗೆ 18 ಇಂಚು, ಅಂದರೆ ನಡುವಿನಿಂದ ಅಂಚಿಗೆ 9 ಇಂಚು. ಪಾದಗಳು ನಡುವಿನಿಂದ 8 ಇಂಚು ದೂರ ಇದ್ದವು. ಎರಡು ಪಾದಗಳಿಗೆ ದಾರ ಹಿಡಿದರೆ ಆ ದಾರ ನಡುವಿನಿಂದ ಎಷ್ಟು ದೂರ ಹಾಯುತ್ತದೆ? ಬರೀ 4 ಇಂಚು. ಸರಿಯಾಗಿ ಅರ್ಧ. ಎರಡು ಕಾಲಿನ ನಡುವಿನ ಕಡೆ ಅಂಚಿನ ಮೇಲೆ ಕೈ ಊರಿದರೆ ಕೈ ದಾರದಿಂದ 5 ಇಂಚು ಹೊರಗೆ ಇರುತ್ತದೆ. ಆಗ ಕಾಲು ಕಬ್ಬಿಣದ್ದಿದ್ದರೂ ಟೀಪಾಯಿ ಹೊರಳುತ್ತದೆ. ಅದೇ ಅಳತೆಯಲ್ಲಿ ನಾಲ್ಕು ಕಾಲು ಇದ್ದರೆ ದಾರ ಐದೂವರೆ ಇಂಚಿನ ಆಚೆ ಹೋಗುತ್ತಿತ್ತು.

ನನ್ನ ಹೊಸ ಟೀಪಾಯಿಗೆ ಹಲಗೆ 16 ಇಂಚಿಗೆ ಇಳಿಸಿದೆ, ಪಾದ ಹತ್ತೂವರೆ ಇಂಚಿಗೆ ಚಾಚಿದೆ. ಈಗ ದಾರ ಐದೂಕಾಲು ಇಂಚಿಗೆ ಹಾಯುತ್ತದೆ, ಅಂಚು 8 ಇಂಚಿಗಿದೆ. ಮೊದಲಿಗಿಂತ ಬಹಳ ಮೇಲು. ಆದರೂ ಮುದುಕರು ಅದರ ಮೇಲೆ ಕೈ ಊರಿ ಏಳುವುದಕ್ಕೆ ಆಗುವ ಸಾಮಾನು ಅದಲ್ಲ. ಇದನ್ನು ಮನೆಯವರಿಗೆಲ್ಲ ನಿಷ್ಠುರವಾಗಿ ಹೇಳೀನಿ. ಅಪ್ಪನ ಮಂಚದ ಪಕ್ಕದ ಗೋಡೆಗೆ ಒಂದು ನೀರಿನ ಪೈಪಿನ ತುಂಡು ಬಾಗಿಸಿ, ಕಲ್ಲಿಗೆ ತೂತು ಹಾಕಿ, ಸಿಮೆಂಟಿನಲ್ಲಿ ಹಾಕಿಸಿದೆ. ಏಳುವಾಗ ಅದನ್ನು ಹಿಡೀತಾರೆ. ಬಚ್ಚಲ ಮನೆಯಲ್ಲಿಯೂ ಒಂದು ಹಾಕಿಸೀನಿ. ಇದನ್ನು ಟೀಪಾಯಿ ತರುವ ಮೊದಲೇ ಹಾಕಿಸಿದ್ದರೆ ಒಂದು ಎತ್ತು ಉಳೀತಿತ್ತು, ಅಪ್ಪ ಇನ್ನೂ ಹೊಲಕ್ಕೆ ನಡೀತಿದ್ದರು. ಮನೆಯಲ್ಲಿ ವಯಸ್ಸಾದವರಿದ್ದವರು ಈ ಪೈಪಿನ ಕೆಲಸವನ್ನು ಮುಂದಕ್ಕೆ ಹಾಕಬೇಡಿ. ನನಗ ಎರಡೂ ಸೇರಿ ಆರುನೂರು ರೂಪಾಯಿ ಬಿತ್ತು.

ಟೀಪಾಯಿ ಮಾಡಿ ಎರಡು ಬ್ಯಾಸಿಗಿ ದಾಟಿತು. ಎರಡು ಕಾಲು ಕೂಡಿದ ಜಾಗ ಎಲ್ಲಿದೆ ಅಂತ ಹುಡುಕಬೇಕು, ಹಂಗ ಕೂತಾವೆ. ಚಕ್ಕೆ ಕೊಟ್ಟ ಮೂರನೇ ಕಾಲಿನಲ್ಲಿ ಮಾತ್ರ ಮೇ ತಿಂಗಳಿಗೆ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ. ಮೃಗಶಿರಾ ಮಳಿ ಎರಡು ಹದ ಬಿದ್ದ ಮೇಲೆ ತಾನೇ ಮುಚ್ಚುತ್ತದೆ. ಅಪ್ಪನಿಗೆ ಅದು ಗೊತ್ತಾಗಿದೆ. ಚಹಾ ಕುಡಿಯುತ್ತ ಕೈ ಕೆಳಗೆ ಇಳಿಬಿಟ್ಟು ಆ ಜಾಗದಲ್ಲಿ ಉಗುರು ಆಡಿಸಿ ನೋಡುತ್ತಾರೆ. ಹೋದ ವರ್ಷ ಜೂನ್ ಮೊದಲ ವಾರ ನಾನು ಕೂರಿಗೆ ಹೊರಗೆ ತೆಗೆಯುತ್ತಿದ್ದೆ, ಒಳಗಿನಿಂದ ಕೂಗಿದರು, “ತಡಿಯೋ ತಮ್ಮಾ, ಇನ್ನಾ ಬಾಯಿ ಮುಚ್ಚಿಲ್ಲ.”